ದೆವ್ವ ಇಲ್ಲವೆಂದರೆ ಬೇಸರ, ಇದೆಯೆಂದರೆ ಭಯ: ‘ರಾತ್ರೀಸ್ ಖೇಳ್ ಚಾಲೇ’ ಮುಗಿದ ರಾತ್ರಿ ಕ್ಯಾಂಪಿನ ಕನ್ನಡಿಗರ ಚರ್ಚೆ

ಪುಣೆ: ಕ್ಯಾಂಪಿನ ನಮ್ಮವರ ಹೋಟೆಲುಗಳಲ್ಲಿ ರಾತ್ರಿ ಹತ್ತೂವರೆ ಎಂದರೆ ಶಟರು ಅರ್ಧ ಇಳಿಯುವ ಹೊತ್ತು. ಕೊನೆಯ ಗಿರಾಕಿ ಬಿಲ್ಲು ಕೊಟ್ಟು ಎಂ.ಜಿ. ರಸ್ತೆಯ ಕಡೆ ನಡೆದ ಮೇಲೆ ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿಡುತ್ತಾರೆ. ಒಬ್ಬ ನೆಲ ಒರೆಸುತ್ತಾನೆ, ಇನ್ನೊಬ್ಬ ನಾಳೆಯ ಇಡ್ಲಿಗೆ ಅಕ್ಕಿ ಉದ್ದು ನೆನೆಹಾಕಿದ್ದಾಯಿತೇ ಎಂದು ನೋಡುತ್ತಾನೆ. ಗಲ್ಲಾದಲ್ಲಿ ಕುಳಿತು ಲೆಕ್ಕ ಬರೆಯುವುದು ನನ್ನ ಕೆಲಸ. 2016ರ ಫೆಬ್ರವರಿಯಿಂದ ಅಕ್ಟೋಬರ್ ತನಕ ಆ ಹೊತ್ತಿನಲ್ಲಿ ನನ್ನ ಲೆಕ್ಕ ಒಂದು ದಿನವೂ ಒಂದೇ ಸಲಕ್ಕೆ ತಾಳೆಯಾಗಲಿಲ್ಲ. ಗೋಡೆಯ ಮೇಲಿನ ಟಿ.ವಿ.ಯಲ್ಲಿ ಜೀ ಮರಾಠಿಯ ‘ರಾತ್ರೀಸ್ ಖೇಳ್ ಚಾಲೇ’ ಶುರುವಾಗುತ್ತಿತ್ತು. ನೆಲ ಒರೆಸುವವನ ಕೈ ನಿಲ್ಲುತ್ತಿತ್ತು, ನನ್ನ ಪೆನ್ನೂ ನಿಲ್ಲುತ್ತಿತ್ತು.

ಹೆಸರಿನ ಅರ್ಥ ‘ರಾತ್ರಿಯಲ್ಲಿ ಆಟ ನಡೆಯುತ್ತದೆ’ ಎಂದು. ಸಿಂಧುದುರ್ಗ ಜಿಲ್ಲೆಯ ಸಾವಂತವಾಡಿ ಸಮೀಪದ ಆಕೇರಿ ಗ್ರಾಮದ ಒಂದು ಹಳೆಯ ವಾಡೆಯಲ್ಲಿ ಇದರ ಚಿತ್ರೀಕರಣ ನಡೆಯಿತು. ಅಣ್ಣಾ ನಾಯಿಕ್ ಎಂಬ ಯಜಮಾನನ ಸಾವಿನೊಂದಿಗೆ ಕಥೆ ತೆರೆದುಕೊಳ್ಳುತ್ತದೆ. ಮಕ್ಕಳು ಸೊಸೆಯಂದಿರು ಒಂದೇ ಸೂರಿನಡಿ ಸೇರುತ್ತಾರೆ. ಆಸ್ತಿಯ ಮಾತು ಬರುತ್ತದೆ, ಅದರ ಬೆನ್ನಿಗೇ ಮನೆಯಲ್ಲಿ ಕಾಣಬಾರದ್ದು ಕಾಣಿಸತೊಡಗುತ್ತದೆ. ಫೆಬ್ರವರಿ 22ರಂದು ಆರಂಭವಾದ ಮೊದಲ ಸರಣಿ ಅಕ್ಟೋಬರ್ 22ರಂದು ಮುಗಿಯಿತು. ಆ ಶನಿವಾರ ರಾತ್ರಿಯ ಕೊನೆಯ ಕಂತಿನ ಬಗ್ಗೆ ನಮ್ಮಲ್ಲಿ ಎದ್ದ ವಾದ ಇಷ್ಟು ವರ್ಷಗಳಾದರೂ ಪೂರ್ತಿ ತಣ್ಣಗಾಗಿಲ್ಲ. ಮೊಬೈಲಿನಲ್ಲಿ ಹಳೆಯ ಕಂತುಗಳನ್ನು ನೋಡುವ ಹೊಸ ಹುಡುಗರು ಕೆಲಸಕ್ಕೆ ಸೇರಿದಾಗಲೆಲ್ಲ ಅದು ಮತ್ತೆ ಏಳುತ್ತದೆ.

ಮೂರು ಪಕ್ಷ

ಕೊನೆಯ ವಾರಗಳಲ್ಲಿ ಕಥೆ ದೆವ್ವದ ದಾರಿ ಬಿಟ್ಟು ಕೊಲೆ, ತನಿಖೆ, ಪೊಲೀಸರ ದಾರಿ ಹಿಡಿದಿತ್ತು. ಮಾಡಿದ್ದು ಯಾರು ಎಂಬ ಗುಟ್ಟನ್ನು ಇನ್ನೂ ನೋಡದವರ ಸಲುವಾಗಿ ಇಲ್ಲಿ ಒಡೆಯುವುದಿಲ್ಲ. ಆದರೆ ‘ಮನೆಯಲ್ಲಿ ಇರುವುದು ಪಿಶಾಚಿಯೋ, ಮನುಷ್ಯನೋ’ ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಎಂಟು ತಿಂಗಳು ಕಾದಿದ್ದವರು ಆ ರಾತ್ರಿ ಮೂರು ಪಕ್ಷವಾದರು.

ಮೊದಲ ಪಕ್ಷ ನಮ್ಮ ಹುಡುಗರದ್ದು. ಕುಂದಾಪುರದವರು, ಬೈಂದೂರಿನವರು, ಹುಬ್ಬಳ್ಳಿ ಕಡೆಯ ಇಬ್ಬರು, ಎಲ್ಲರಿಗೂ ಮೋಸವಾದಂತೆ ಅನಿಸಿತ್ತು. ಇಷ್ಟು ದಿನ ಹೆದರಿಸಿ, ನಿದ್ದೆ ಕೆಡಿಸಿ, ಮೇಲಿನ ಕೋಣೆಗೆ ಒಬ್ಬರೇ ಮಲಗಲು ಹೋಗದ ಹಾಗೆ ಮಾಡಿ ಕೊನೆಗೆ ತನಿಖೆಯ ಕಥೆ ಹೇಳಿದರೆ ಹೇಗೆ ಎಂಬುದು ಅವರ ದೂರು. ನಡುವೆ ಎಬ್ಬಿಸಿದ ಎಷ್ಟೋ ಸಂಶಯಗಳಿಗೆ ಉತ್ತರವನ್ನೇ ಕೊಡಲಿಲ್ಲವೆಂದು ಬೆರಳು ಮಡಚಿ ಲೆಕ್ಕ ಹಾಕಿದರು. ಆ ಲೆಕ್ಕ ತಪ್ಪೆಂದು ನಾನು ಹೇಳಲಾರೆ.

ಎರಡನೆಯ ಪಕ್ಷ ನಮ್ಮ ಹೋಟೆಲಿಗೆ ಊಟ ಪಾರ್ಸೆಲ್ ಒಯ್ಯಲು ಬರುತ್ತಿದ್ದ ನಿವೃತ್ತ ಮೇಷ್ಟರದ್ದು. ಧಾರವಾಡ ಕಡೆಯವರು. ಧಾರಾವಾಹಿ ಆರಂಭವಾದಾಗಲೇ ಅವರಿಗೆ ಸಿಟ್ಟಿತ್ತು. ಕೊಂಕಣವೆಂದರೆ ಭೂತಪ್ರೇತಗಳ ನಾಡು ಎಂದು ತೋರಿಸುತ್ತಾರೆ ಎಂಬ ಆಕ್ಷೇಪ ಸಿಂಧುದುರ್ಗದಲ್ಲಿಯೂ ಕೇಳಿಬಂದಿತ್ತು. ಹಾಗಾಗಿ ಕೊನೆಗೆ ತನಿಖೆಗೆ ಮರ್ಯಾದೆ ಸಿಕ್ಕಿದ್ದು ಅವರಿಗೆ ಸಮಾಧಾನ ತಂದಿತು. ಆದರೂ ಅವರದ್ದು ಒಂದು ತಕರಾರು ಉಳಿದಿತ್ತು: ಭಯ ಹುಟ್ಟಿಸಲು ನೂರಾರು ಕಂತು, ಬಿಡಿಸಲು ಕೆಲವೇ ಕಂತು, ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಯಾವುದು?

ಮೂರನೆಯ ಪಕ್ಷದಲ್ಲಿ ಒಬ್ಬರೇ ಇದ್ದರು, ನನ್ನ ತಾಯಿ. ಆ ವರ್ಷ ಕಣ್ಣಿನ ಚಿಕಿತ್ಸೆಗೆಂದು ಊರಿನಿಂದ ನನ್ನ ಖೋಲಿಗೆ ಬಂದಿದ್ದರು. ಮರಾಠಿ ಅಷ್ಟಾಗಿ ಬಾರದು, ಆದರೂ ಒಂದು ಕಂತು ಬಿಟ್ಟವರಲ್ಲ. ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ದೆವ್ವದ ವಿಷಯವನ್ನೂ ಅಲ್ಲ, ಕೊಲೆಗಾರನ ವಿಷಯವನ್ನೂ ಅಲ್ಲ. “ಇನ್ನು ಆ ಮನೆಯಲ್ಲಿ ದೀಪ ಇಡುವವರು ಯಾರು?” ಎಂದು ಕೇಳಿದರು.

ನಮ್ಮ ಊರಿನ ಮನೆಗೆ ಆಗ ಎರಡು ತಿಂಗಳಿಂದ ಬೀಗ ಬಿದ್ದಿತ್ತು. ಬೀಗ ಹಾಕಿ ಬಂದವರು ಅವರೇ.

ಪರದೆಯ ವಾಡೆ, ಊರಿನ ಚಾವಡಿ

ಪುಣೆಯ ಮರಾಠಿಗರಿಗೆ ಈ ಧಾರಾವಾಹಿ ಕೊಂಕಣದ ಕಥೆ. ನಮ್ಮವರಿಗೆ ಅದು ಕರಾವಳಿಯ ಕಥೆ. ವ್ಯತ್ಯಾಸ ಇಷ್ಟೇ. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಅಂಗಳದ ತುಳಸಿಕಟ್ಟೆ, ತೆಂಗು ಕಂಗಿನ ನೆರಳು, ಬಾವಿಯ ರಾಟೆಯ ಸದ್ದು, ಧೋ ಎಂದು ಸುರಿಯುವ ಮಳೆ. ಮುಂಬಯಿಯಿಂದ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವವರು ಕುಡಾಳ, ಸಾವಂತವಾಡಿ ದಾಟುವಾಗ ಕಿಟಕಿಯಲ್ಲಿ ಕಾಣುವುದೂ ಇದನ್ನೇ. ಪಾತ್ರಗಳು ಆಡುವ ಮಾಲ್ವಣಿ ಪುಣೆಯ ಶುದ್ಧ ಮರಾಠಿಗಿಂತ ನಮ್ಮ ಕೊಂಕಣಿ ಮನೆಮಾತಿನವರಿಗೆ ಹತ್ತಿರ. ಪಾಂಡುವಿನ ಮಾತಿಗೆ ಪಕ್ಕದ ಮನೆಯ ಮರಾಠಿಗರಿಗಿಂತ ಮೊದಲು ನಗುತ್ತಿದ್ದುದು ಕಾರ್ಕಳದ ಕೊಂಕಣಿ ಅಡುಗೆಯವರು. ಮರೆವಿನ ಆಳು ಪಾಂಡುವಿನ ಪಾತ್ರ ಮಾಡಿದ ಪ್ರಹ್ಲಾದ ಕುಡ್ತರಕರ್ ಅವರೇ ಧಾರಾವಾಹಿಯ ಬರವಣಿಗೆಯಲ್ಲಿಯೂ ಕೈ ಆಡಿಸಿದವರೆಂದು ತಿಳಿದಾಗ ಅವರಿಗೆ ಇನ್ನಷ್ಟು ಖುಷಿಯಾಗಿತ್ತು.

ನಂಬಿಕೆಗಳಲ್ಲಿಯೂ ನೆಂಟಸ್ತನವಿದೆ. ಸಿಂಧುದುರ್ಗದ ಊರುಗಳಿಗೆ ಕಾವಲಿನ ದೇವರುಗಳುಂಟು. ವೆಂಗುರ್ಲಾ ತಾಲೂಕಿನ ಆರವಲಿಯ ವೇತೋಬನಿಗೆ ಭಕ್ತರು ದೊಡ್ಡ ಅಳತೆಯ ಚಪ್ಪಲಿ ಹರಕೆ ಒಪ್ಪಿಸುತ್ತಾರೆ, ರಾತ್ರಿ ಊರು ಸುತ್ತಿ ಅವು ಸವೆಯುತ್ತವೆ ಎಂಬ ನಂಬಿಕೆಯಿಂದ. ದೇವರ ಮುಂದೆ ಊರಿನ ಕಷ್ಟವನ್ನು ಒಪ್ಪಿಸುವ ‘ಗಾರ್‍ಹಾಣೆ’ ಕೇಳಿದರೆ ನಮ್ಮ ಕಡೆಯ ದೈವದ ಮುಂದಿನ ಅರಿಕೆ ನೆನಪಾಗುತ್ತದೆ. ತುಳುನಾಡಿನವರಿಗೆ ದೈವ ಬೇರೆ, ಕುಲೆ ಬೇರೆ. ದೈವ ಕಾಯುವ ಶಕ್ತಿ. ಕುಲೆ ಎಂದರೆ ಸತ್ತ ನಮ್ಮವರೇ. ಆಟಿ ತಿಂಗಳಲ್ಲಿ ಅವರಿಗೆ ಎಲೆ ಹಾಕಿ ಬಡಿಸುತ್ತೇವೆ. ಮದುವೆಯಾಗದೆ ತೀರಿಕೊಂಡ ಹುಡುಗ ಹುಡುಗಿಯರಿಗೆ ಎರಡೂ ಕಡೆಯ ಹಿರಿಯರು ಕುಳಿತು ‘ಕುಲೆ ಮದುವೆ’ ಮಾಡಿಸುವ ಪದ್ಧತಿ ಇಂದಿಗೂ ಇದೆ. ಇಂಥ ಮನೆಗಳಲ್ಲಿ ಬೆಳೆದವರಿಗೆ ಸತ್ತವರು ಹಿಂತಿರುಗುತ್ತಾರೆ ಎಂಬ ಮಾತು ಬರಿಯ ಹೆದರಿಕೆಯ ಮಾತಲ್ಲ. ಯಾವುದೋ ಒಂದು ಕೆಲಸ ಬಾಕಿ ಇದೆ ಎಂದು ಅದರ ಅರ್ಥ.

ಮನೆಯಲ್ಲಿ ಒಂದರ ಮೇಲೊಂದು ತೊಂದರೆ ಬಂದರೆ ನಮ್ಮ ಕಡೆ ಪ್ರಶ್ನೆ ಇಡಿಸುತ್ತಾರೆ. ಕುಟುಂಬದ ಮನೆ ಪಾಳು ಬಿದ್ದಿದೆ, ದೈವಕ್ಕೆ ನೇಮ ನಿಂತಿದೆ, ಇಂಥವರ ಕುಲೆಗೆ ಸದ್ಗತಿ ಆಗಿಲ್ಲ ಎಂದು ಬರುತ್ತದೆ. ಆಗ ಮುಂಬಯಿ, ಪುಣೆ, ಕೊಲ್ಲಿಯಲ್ಲಿ ಚದುರಿದವರೆಲ್ಲ ಫೋನು ಮಾಡಿಕೊಳ್ಳುತ್ತಾರೆ. ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಎಷ್ಟೋ ಕುಟುಂಬಗಳ ಚಾವಡಿಗಳಿಗೆ ಹೊಸ ಹಂಚು ಬಂದದ್ದು ಹೀಗೆ. ಇದರ ಹೆಸರಿನಲ್ಲಿ ಸಾಲ ಮಾಡಿ ಸೋತವರೂ, ಭಯದ ವ್ಯಾಪಾರಕ್ಕೆ ಬಲಿಯಾದವರೂ ನಮ್ಮಲ್ಲಿ ಇದ್ದಾರೆ. ಎರಡನ್ನೂ ಕಂಡವರಿಗೆ ಕೊನೆಯ ಕಂತಿನ ಬಗ್ಗೆ ಒಂದೇ ಮಾತಿನ ತೀರ್ಪು ಕೊಡುವುದು ಕಷ್ಟವಾಯಿತು.

ಪುಣೆಯ ಗಾಳಿ

ಮೇಷ್ಟರ ಸಮಾಧಾನಕ್ಕೆ ಇನ್ನೊಂದು ಕಾರಣವೂ ಇತ್ತು. ಮೂಢನಂಬಿಕೆಯ ವಿರುದ್ಧ ದುಡಿದ ಡಾ. ನರೇಂದ್ರ ದಾಭೋಳ್ಕರ್ ಅವರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ ಗುಂಡಿಕ್ಕಿ ಕೊಂದದ್ದು ಇದೇ ಪುಣೆಯ ಓಂಕಾರೇಶ್ವರ ಸೇತುವೆಯ ಮೇಲೆ. ಅವರು ವರ್ಷಗಟ್ಟಲೆ ಒತ್ತಾಯಿಸಿದ್ದ ಮಾಟಮಂತ್ರ ತಡೆ ಕಾನೂನು ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರ ವಿಧಾನಮಂಡಲದಲ್ಲಿ ಅಂಗೀಕಾರವಾಯಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು. ಅದಾದ ಆರು ತಿಂಗಳಿಗೆ ದೆವ್ವದ ಧಾರಾವಾಹಿ ಬಂದಾಗ ಧಾರವಾಡದ ಮೇಷ್ಟರೊಬ್ಬರು ಮುಖ ಗಂಟಿಕ್ಕಿದರೆ ಅದನ್ನು ರಸಭಂಗ ಎನ್ನಲಾಗದು. ಕರ್ನಾಟಕದ ಕಾನೂನು 2017ರಲ್ಲಿ ಬಂತು. ದಾಭೋಳ್ಕರ್ ಪ್ರಕರಣದಲ್ಲಿ ಪುಣೆಯ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ ಮೂವರನ್ನು ಬಿಡುಗಡೆ ಮಾಡಿದ್ದು 2024ರ ಮೇ ತಿಂಗಳಲ್ಲಿ.

ಆದರೆ ಪುಣೆಗೆ ತನ್ನದೇ ಆದ ದೆವ್ವವೂ ಇದೆ. ಶನಿವಾರವಾಡೆಯಲ್ಲಿ ಅಮಾವಾಸ್ಯೆಯ ರಾತ್ರಿ ‘ಕಾಕಾ, ನನ್ನನ್ನು ಉಳಿಸಿ’ ಎಂಬ ಕೂಗು ಕೇಳುತ್ತದೆ ಎಂದು ಇಲ್ಲಿಗೆ ಬಂದ ಮೊದಲ ವಾರದಲ್ಲಿಯೇ ಪ್ರತಿಯೊಬ್ಬ ಹೋಟೆಲ್ ಹುಡುಗನಿಗೂ ಯಾರಾದರೂ ಹೇಳಿರುತ್ತಾರೆ. ಹದಿನೆಂಟರ ಹರೆಯದ ಪೇಶ್ವೆ ನಾರಾಯಣರಾವ್ 1773ರ ಆಗಸ್ಟ್ 30ರಂದು ಅಲ್ಲಿ ಕೊಲೆಯಾದದ್ದು ಇತಿಹಾಸ. ಸಂಚಿನ ಆರೋಪ ಬಂದದ್ದು ಚಿಕ್ಕಪ್ಪ ರಘುನಾಥರಾವ್ ಮೇಲೆ, ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ಅವರನ್ನು ತಪ್ಪಿತಸ್ಥರೆಂದದ್ದೂ ಪ್ರಸಿದ್ಧ. ಕೂಗು ಕೇಳುತ್ತದೋ ಇಲ್ಲವೋ, ಆ ಮನೆಯಲ್ಲಿ ನಡೆದದ್ದು ಅಧಿಕಾರದ ಆಸೆಗೆ ಒಡೆದುಹೋದ ಕುಟುಂಬದ ಕಥೆ. ನಮ್ಮ ಹುಡುಗರಲ್ಲಿ ಒಬ್ಬ ಇದನ್ನೇ ಹಿಡಿದು ಹೇಳಿದ್ದ: ನಾಯಿಕರ ವಾಡೆಯಲ್ಲೂ ಅದೇ ತಾನೇ, ದೆವ್ವ ಇದ್ದರೂ ಅದನ್ನು ಸಾಕಿದವರು ಮನೆಯವರೇ ಎಂದು. ಮೇಷ್ಟರು ಅವನ ಬೆನ್ನು ತಟ್ಟಿದರು. ಆ ರಾತ್ರಿ ಎರಡು ಪಕ್ಷಗಳು ಒಪ್ಪಿದ ಒಂದೇ ಮಾತು ಅದು.

ಶೇವಂತಾ ಬಂದ ಮೇಲೆ

2019ರ ಜನವರಿ 14ರಂದು ಎರಡನೆಯ ಸರಣಿ ಆರಂಭವಾಯಿತು. ಇದು ಹಿಂದಿನ ಕಥೆ. ಮೊದಲ ಸರಣಿಯಲ್ಲಿ ಸತ್ತಿದ್ದ ಅಣ್ಣಾ ನಾಯಿಕ್ ಇಲ್ಲಿ ಬದುಕಿದ್ದಾನೆ. ಊರನ್ನೇ ಹೆದರಿಸುವ, ಕೊಲೆಗೂ ಹೇಸದ, ಹೆಣ್ಣಿನ ಚಪಲದ ಈ ಯಜಮಾನನಾಗಿ ಮಾಧವ ಅಭ್ಯಂಕರ್, ಅವನ ಮೋಹಕ್ಕೆ ಸಿಕ್ಕ ಶೇವಂತಾ ಆಗಿ ಅಪೂರ್ವಾ ನೇಮಳೇಕರ್, ಎಲ್ಲವನ್ನೂ ನುಂಗಿಕೊಂಡು ಬಾಳುವ ಹೆಂಡತಿ ಮಾಯಿಯಾಗಿ ಶಕುಂತಲಾ ನರೆ. ಮಹಾರಾಷ್ಟ್ರದಲ್ಲೆಲ್ಲ ಅಣ್ಣಾ, ಶೇವಂತಾ ಮನೆಮಾತಾದರು. ಆಕೇರಿಯ ವಾಡೆಯನ್ನು ನೋಡಲು ಪ್ರವಾಸಿಗರು ಹೋಗತೊಡಗಿದರು.

ನಮ್ಮ ಹೆಂಗಸರಲ್ಲಿ ಭಿನ್ನಾಭಿಪ್ರಾಯ ಬಂದದ್ದು ಇಲ್ಲಿ. ಹೆಚ್ಚಿನವರು ಮಾಯಿಯ ಪಕ್ಷ. ಸಂಸಾರ ಒಡೆಯಲು ಬಂದವಳಿಗೆ ಎಂಥ ಮರುಕ ಎಂಬುದು ಅವರ ವಾದ. ಆದರೆ ಕಿರಿಯರು ಕೆಲವರು ಶೇವಂತಾಳ ಪರ ನಿಂತರು. ಆಸೆ ತೋರಿಸಿ ಬಳಸಿಕೊಂಡವನು ಊರಿನ ದೊಡ್ಡ ಮನುಷ್ಯ, ಕೆಟ್ಟ ಹೆಸರು ಮಾತ್ರ ಅವಳಿಗೆ ಏಕೆ? ಇದೇ ಹೊತ್ತಿಗೆ ಡಿ.ಟಿ.ಎಚ್. ಇದ್ದ ಮನೆಗಳಲ್ಲಿ ಜೀ ಕನ್ನಡದ ‘ಯಾರೇ ನೀ ಮೋಹಿನಿ’ಯೂ ನಡೆಯುತ್ತಿತ್ತು. ಅಲ್ಲಿಯ ಆತ್ಮ ಮನೆಯವರ ಒಳಿತನ್ನು ಬಯಸುವ ಹೆಣ್ಣು. ಎರಡನ್ನೂ ನೋಡುವವರು ನಮ್ಮ ದೆವ್ವ ಒಳ್ಳೆಯದು, ಅವರದ್ದು ಕೆಟ್ಟದ್ದು ಎಂದು ತಮಾಷೆ ಮಾಡುತ್ತಿದ್ದರು. ಅವರದ್ದು ಕೆಟ್ಟದ್ದಲ್ಲ, ಅದಕ್ಕೆ ಅನ್ಯಾಯವಾಗಿದೆ ಎಂದು ನನ್ನ ಹೆಂಡತಿ ತಿದ್ದುತ್ತಿದ್ದಳು.

2020ರ ಆಗಸ್ಟ್ 29

ಅಣ್ಣಾ ಸಾಯುತ್ತಾನೆಂದು ನಾಲ್ಕು ವರ್ಷ ಮೊದಲೇ ಎಲ್ಲರಿಗೂ ಗೊತ್ತಿತ್ತು. ಹೇಗೆ ಎಂಬುದಷ್ಟೇ ಕುತೂಹಲ. ಅಷ್ಟರಲ್ಲಿ ಕೊರೋನಾ ಬಂತು. ಮಾರ್ಚಿನಲ್ಲಿ ಚಿತ್ರೀಕರಣ ನಿಂತು, ಹೊಸ ಕಂತುಗಳು ಮತ್ತೆ ಬರತೊಡಗಿದ್ದು ಜುಲೈಯಲ್ಲಿ. ಸತ್ತ ಶೇವಂತಾ ಅಣ್ಣಾನ ಬೆನ್ನುಹತ್ತಿದ ಕಂತುಗಳವು. ಆಗಸ್ಟ್ 29ರ ಶನಿವಾರ ಸರಣಿ ಮುಗಿಯಿತು.

ಆ ರಾತ್ರಿಯ ಕ್ಯಾಂಪನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಗಣೇಶೋತ್ಸವದ ನಡುವಿನ ದಿನ, ಆದರೆ ಡೋಲಿನ ಸದ್ದಿಲ್ಲ, ಮೆರವಣಿಗೆಯಿಲ್ಲ. ಹೋಟೆಲಿನಲ್ಲಿ ಕೂತು ತಿನ್ನಲು ಅನುಮತಿ ಇರಲಿಲ್ಲ, ಅದು ಸಿಕ್ಕಿದ್ದು ಅಕ್ಟೋಬರ್ 5ರಂದು. ಹದಿನಾಲ್ಕು ಹುಡುಗರಲ್ಲಿ ಹನ್ನೊಂದು ಮಂದಿ ಊರಿಗೆ ಹೋಗಿದ್ದರು. ಉಳಿದ ಮೂವರು ಮತ್ತು ನಾನು, ಕವುಚಿಟ್ಟ ಕುರ್ಚಿಗಳ ನಡುವೆ ದೂರ ದೂರ ಕುಳಿತು ಟಿ.ವಿ. ನೋಡಿದೆವು.

ಈ ಸಲವೂ ಮಿಶ್ರ ಪ್ರತಿಕ್ರಿಯೆಯೇ. ಮಾಡಿದ್ದುಣ್ಣೋ ಮಹಾರಾಯ ಎಂದು ಒಬ್ಬನಿಗೆ ತೃಪ್ತಿ. ಹೆದರಿಕೆ ಕಡಿಮೆಯಾಯಿತು, ಎಳೆದದ್ದು ಹೆಚ್ಚಾಯಿತು ಎಂದು ಇನ್ನೊಬ್ಬನಿಗೆ ಬೇಸರ. ಮೂರನೆಯವನಿಗೆ ಅಣ್ಣಾ ಹೋದದ್ದೇ ದುಃಖ. ಅಂಥ ದುಷ್ಟನಿಗೆ ಅಳುವುದೇ ಎಂದು ಉಳಿದಿಬ್ಬರು ಕಾಲೆಳೆದರು. ಅವನು ನಗಲಿಲ್ಲ. ಅವನ ತಂದೆಯೂ ಕುಡಿದು ಮನೆಯವರನ್ನು ಗೋಳು ಹೊಯ್ದುಕೊಂಡವರಂತೆ. ಜೂನ್‌ನಲ್ಲಿ ತೀರಿಕೊಂಡಾಗ ಇವನಿಗೆ ಹೋಗಲಾಗಿರಲಿಲ್ಲ.

ನಾವು ಸುಮ್ಮನಾದೆವು. ಯಾಕೆಂದರೆ ಅವನೊಬ್ಬನದಲ್ಲ ಆ ಕಥೆ. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕದ ಗಡಿ ಮುಚ್ಚಿತ್ತು. ಆಮೇಲೆ ಪಾಸು, ಕ್ವಾರಂಟೈನು. ಮುಂಬಯಿ, ಪುಣೆಯಿಂದ ಬಂದವರೆಂದರೆ ಊರಲ್ಲಿ ಜನ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ನನ್ನ ಸೋದರಮಾವ ಮೇ ಕೊನೆಯಲ್ಲಿ ತೀರಿಕೊಂಡರು. ನನ್ನನ್ನು ಸಾಕಿ, ಬಸ್ಸಿನ ಟಿಕೇಟು ತೆಗೆದುಕೊಟ್ಟು ಈ ಊರಿಗೆ ಕಳಿಸಿದವರು. ಅವರ ಮುಖ ನೋಡಿದ್ದು ಮೊಬೈಲಿನಲ್ಲಿ, ಅರ್ಧ ನಿಮಿಷ. ಆಟಿಯಲ್ಲಿ ಬಡಿಸುವುದಕ್ಕೂ ಹೋಗಲಾಗಲಿಲ್ಲ. ಕೊನೆಯ ಕಂತು ಬಂದಾಗ ಆಟಿ ಮುಗಿದು ಎರಡು ವಾರವೂ ಆಗಿರಲಿಲ್ಲ.

ದೆವ್ವ ಇದೆಯೇ ಇಲ್ಲವೇ ಎಂದು 2016ರಲ್ಲಿ ಗಂಟಲು ಹರಿದುಕೊಂಡಿದ್ದ ನಾವು ಆ ರಾತ್ರಿ ಆ ಪ್ರಶ್ನೆಯನ್ನು ಎತ್ತಲೇ ಇಲ್ಲ. ನನಗೆ ದೆವ್ವಗಳಲ್ಲಿ ನಂಬಿಕೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೆ ಮಾವ ಬಂದು ಕೇಳಿದರೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ ಎಂಬುದು ಮಾತ್ರ ಸತ್ಯ.

ಆಮೇಲೆ

ಮೂರನೆಯ ಸರಣಿ 2021ರ ಮಾರ್ಚ್ 22ರಂದು ಶುರುವಾಯಿತು. ಎರಡನೆಯ ಅಲೆಯಲ್ಲಿ ನಿಂತು ಮತ್ತೆ ಬಂತು. ನಡುವೆ ಶೇವಂತಾಳ ಪಾತ್ರಕ್ಕೆ ಅಪೂರ್ವಾ ಅವರ ಬದಲು ಕೃತಿಕಾ ತುಳಸ್ಕರ್ ಬಂದಾಗ ಅಭಿಮಾನಿಗಳಲ್ಲಿ ಮತ್ತೊಂದು ಸುತ್ತಿನ ಜಗಳ. ಹಳೆಯವಳೇ ಸರಿ ಎಂದವರು ಹೆಚ್ಚು, ಹೊಸಬಳಿಗೂ ನಾಲ್ಕು ದಿನ ಕೊಡಿ ಎಂದವರು ಕೆಲವರು. 2022ರಲ್ಲಿ ಅದೂ ಮುಗಿಯಿತು. ಅಷ್ಟು ಹೊತ್ತಿಗೆ ನಮ್ಮಲ್ಲಿ ಹಳೆಯ ಬಿಸಿ ಇರಲಿಲ್ಲ. ಹುಡುಗರು ತಮ್ಮ ತಮ್ಮ ಮೊಬೈಲು ಹಿಡಿದು ಮಲಗುವ ಕೋಣೆಗೆ ಹೋಗುತ್ತಿದ್ದರು. ಗೋಡೆಯ ಟಿ.ವಿ.ಯಲ್ಲಿ ಕ್ರಿಕೆಟ್ ಇದ್ದರೆ ಮಾತ್ರ ಜನ.

ಮೇಷ್ಟರು ಈಗ ಪುಣೆ ಬಿಟ್ಟು ಧಾರವಾಡಕ್ಕೆ ಮಗಳ ಮನೆಗೆ ಹೋಗಿದ್ದಾರೆ. ಹೋಗುವ ಮೊದಲು ಒಮ್ಮೆ ಈ ವಿಷಯ ಬಂದಿತ್ತು. ಸತ್ತವರ ಭಯಕ್ಕಾಗಿ ಊರಿಗೆ ಹೋಗಬೇಡ, ಇದ್ದವರ ಮೇಲಿನ ಪ್ರೀತಿಗಾಗಿ ಹೋಗು ಎಂದಿದ್ದರು. ಅಮ್ಮನಿಗೆ ಈ ಮಾತು ಹೇಳಿದಾಗ, ಯಾವುದಕ್ಕಾದರೂ ಸರಿ, ಹೋದರೆ ಸಾಕು ಎಂದರು.

2021ರ ದೀಪಾವಳಿಗೆ ನಾವು ಮೂವರು ಅಣ್ಣತಮ್ಮಂದಿರು ಊರಲ್ಲಿ ಸೇರಿದೆವು. ಪ್ರಶ್ನೆ ಇಡಿಸಬೇಕೆಂದು ಅಣ್ಣ, ಬೇಡವೆಂದು ನಾನು. ಕೊನೆಗೆ ಪ್ರಶ್ನೆ ಇಡಿಸಲಿಲ್ಲ. ಆದರೆ ಮಾವನ ಹೆಸರಿನಲ್ಲಿ ಎಲೆ ಹಾಕಿ ಬಡಿಸಿದೆವು, ನಾನೇ ಬಡಿಸಿದೆ. ಹಂಚು ಬದಲಿಸಲು ದುಡ್ಡು ಒಟ್ಟು ಮಾಡಿದೆವು. ಪಾಲಿನ ಮಾತು ಎತ್ತಿದೆವು, ಮುಗಿಯಲಿಲ್ಲ, ಈಗಲೂ ಮುಗಿದಿಲ್ಲ. ಬೀಗದ ಕೈಗಳು ಮಾತ್ರ ಈಗ ಮೂರಿವೆ, ಮೂವರ ಹತ್ತಿರ ಒಂದೊಂದು. ಪಕ್ಕದ ಮನೆಯವರು ಸಂಜೆ ಬಂದು ದೀಪ ಇಡುತ್ತಾರೆ. ವರ್ಷಕ್ಕೆ ಎರಡು ಸಲ ಆ ದೀಪವನ್ನು ನಮ್ಮಲ್ಲಿ ಯಾರಾದರೊಬ್ಬರು ಇಡುತ್ತೇವೆ.

ಕಳೆದ ತಿಂಗಳು ಹೊಸದಾಗಿ ಸೇರಿದ ಹುಡುಗನೊಬ್ಬ ಮೊಬೈಲಿನಲ್ಲಿ ಮೊದಲ ಸರಣಿ ಪೂರ್ತಿ ನೋಡಿ ಮುಗಿಸಿದ. ಬೆಳಿಗ್ಗೆ ಗಲ್ಲಾದ ಹತ್ತಿರ ಬಂದು, ಇಷ್ಟೆಲ್ಲ ಹೆದರಿಸಿ ಕೊನೆಗೆ ಹೀಗೆ ಮಾಡಿದರಲ್ಲ ಎಂದು ದೂರಿದ. ಊರಲ್ಲಿ ಮನೆ ಇದೆಯೇ, ಅಲ್ಲಿ ಯಾರಿದ್ದಾರೆ ಎಂದು ನಾನು ಕೇಳಿದೆ. ಅಜ್ಜಿ ಒಬ್ಬರೇ ಇದ್ದಾರೆ ಎಂದ. ಮೊದಲು ಅವರಿಗೊಂದು ಫೋನು ಮಾಡು, ಆಮೇಲೆ ಮಾತಾಡೋಣ ಎಂದೆ.